ಭರವಸೆ: ಎಲ್ಲಿ ಇಡಬೇಕು, ಯಾರಿಗೆ ಕೊಡಬೇಕು?

ಗೆಳೆಯನೊಬ್ಬ ಕೆಲಸದ ಸಂದರ್ಶನಕ್ಕೆ ಹೊರಟಿದ್ದ. ಹುರಿದುಂಬಿಸೋಣ ಅಂತ ಒಂದು ಮೆಸೇಜ್ ಕಳಿಸಿದೆ: ‘ಈ ಕೆಲಸ ನಿನಗೆ ಸಿಕ್ಕೇ ಸಿಗುತ್ತದೆ ಎಂದು ಭರವಸೆ ಕೊಡುತ್ತೇನೆ.’ ಎರಡೇ ನಿಮಿಷದಲ್ಲಿ ಉತ್ತರ ಬಂತು: ‘ಯಾಕೋ, ಆ ಕಂಪನಿ ನಿನ್ನದಾ?’

ಅವನು ತಮಾಷೆಗೆ ಕೇಳಿದ. ಆದರೆ ಹಿಡಿದದ್ದು ನಿಜವಾದ ತಪ್ಪನ್ನೇ. ನಾನು ಹೇಳಬೇಕಿದ್ದುದು ‘ಭರವಸೆ ನನಗಿದೆ’ ಎಂದು. ‘ಕೊಡುತ್ತೇನೆ’ ಎಂದು ಬರೆದ ಕೂಡಲೇ ನನ್ನ ಹಾರೈಕೆ ಹೋಗಿ, ನಾನೇ ಹೊರಬೇಕಾದ ಹೊಣೆ ಬಂದು ಕೂತಿತು. ಪದ ಅದೇ. ಪಕ್ಕದ ಕ್ರಿಯಾಪದ ಒಂದು ಬದಲಾಯಿತು, ಅರ್ಥ ಪಲ್ಟಿ ಹೊಡೆಯಿತು.

ಅವತ್ತಿನಿಂದ ಈ ಪದದ ಮೇಲೆ ಒಂದು ಕಣ್ಣಿಟ್ಟಿದ್ದೇನೆ. ಪತ್ರಿಕೆ, ಭಾಷಣ, ಮದುವೆ ಮನೆಯ ಮಾತು, ಆಸ್ಪತ್ರೆಯ ವರಾಂಡ, ಎಲ್ಲ ಕಡೆ ಇದು ಓಡಾಡುತ್ತದೆ. ಎಲ್ಲ ಕಡೆಯೂ ಒಂದೇ ಅರ್ಥದಲ್ಲಿ ಅಲ್ಲ. ಪತ್ರ ಬರೆಯುವವರಿಗೆ, ಅನುವಾದ ಮಾಡುವವರಿಗೆ, ವೇದಿಕೆ ಮೇಲೆ ನಾಲ್ಕು ಮಾತಾಡಬೇಕಾದವರಿಗೆ ಉಪಯೋಗಕ್ಕೆ ಬರಲಿ ಎಂದು ಗಮನಿಸಿದ್ದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಪಕ್ಕದ ಕ್ರಿಯಾಪದ ನೋಡಿ

‘ಭರವಸೆ’ ಎಂಬ ಪದ ಒಂಟಿಯಾಗಿ ನಿಂತಾಗ ಅರ್ಧ ಅರ್ಥವನ್ನಷ್ಟೇ ಕೊಡುತ್ತದೆ. ಉಳಿದರ್ಧ ಇರುವುದು ಅದರ ಪಕ್ಕದಲ್ಲಿ ಬರುವ ಕ್ರಿಯಾಪದದಲ್ಲಿ. ಮುಖ್ಯವಾಗಿ ಮೂರನ್ನು ನೆನಪಿಡಿ: ಇದೆ, ಇಡು, ಕೊಡು.

‘ನನಗೆ ಭರವಸೆ ಇದೆ’ ಎಂದಾಗ ಅದು ಮನಸ್ಸಿನ ಸ್ಥಿತಿ. ಒಳ್ಳೆಯದು ಆದೀತು ಎಂಬ ಒಂದು ಬೆಚ್ಚನೆಯ ಅನಿಸಿಕೆ. ಇಲ್ಲಿ ‘ನಾನು’ ಅಲ್ಲ, ‘ನನಗೆ’ ಬರುತ್ತದೆ ಎಂಬುದನ್ನು ಗಮನಿಸಿ. ನನಗೆ ಹಸಿವು, ನನಗೆ ಚಳಿ, ನನಗೆ ಭಯ ಎನ್ನುವ ಹಾಗೆ ನನಗೆ ಭರವಸೆ. ಕನ್ನಡದಲ್ಲಿ ಭರವಸೆ ನಾವು ಮಾಡುವ ಕೆಲಸ ಅಲ್ಲ, ನಮಗೆ ಆಗುವಂಥದ್ದು. ಅದಕ್ಕೇ ‘ನಾನು ಭರವಸೆ ಮಾಡುತ್ತೇನೆ’, ‘ನಾನು ಭರವಸೆ ಪಡುತ್ತೇನೆ’ ಎಂದರೆ ಕಿವಿಗೆ ಕಲ್ಲು ಸಿಕ್ಕಂತಾಗುತ್ತದೆ. ಬೇರೆ ಭಾಷೆಯಿಂದ ಅನುವಾದ ಮಾಡುವಾಗ ಈ ತಪ್ಪು ಜಾಸ್ತಿ. ಅಲ್ಲಿ ಒಂದೇ ಕ್ರಿಯಾಪದದಲ್ಲಿ ಮುಗಿಯುವ ಮಾತಿಗೆ ನಮ್ಮಲ್ಲಿ ‘ಭರವಸಿಸುತ್ತೇನೆ’ ಎಂಬ ರೂಪ ಬಳಕೆಯಲ್ಲಿಲ್ಲ. ಕ್ರಿಯಾಪದವೇ ಬೇಕು ಎಂದರೆ ‘ಆಶಿಸುತ್ತೇನೆ’ ಇದೆ, ‘ಹಾರೈಸುತ್ತೇನೆ’ ಇದೆ. ಮೊದಲನೆಯದು ಸ್ವಲ್ಪ ಕಚೇರಿ ಭಾಷೆ. ಎರಡನೆಯದು ಬೇರೆಯವರಿಗೆ ಒಳಿತು ಬಯಸುವಾಗ ಮಾತ್ರ. ‘ನನಗೆ ಬಡ್ತಿ ಸಿಗಲಿ ಎಂದು ಹಾರೈಸುತ್ತೇನೆ’ ಎಂದು ಯಾರೂ ತಮಗೆ ತಾವೇ ಹೇಳಿಕೊಳ್ಳುವುದಿಲ್ಲ.

‘ಭರವಸೆ ಇಡು’ ಎಂದಾಗ ಅದು ಯಾರ ಮೇಲೋ, ಯಾವುದರ ಮೇಲೋ ಇರಬೇಕು. ‘ಅವಳ ಮೇಲೆ ಭರವಸೆ ಇಟ್ಟಿದ್ದೇವೆ.’ ಭಾರ ಹೊತ್ತವರು ಒಂದು ಕಟ್ಟೆ ನೋಡಿ ಇಳಿಸಿದ ಹಾಗೆ. ಇಲ್ಲಿ ಅರ್ಥ ನಂಬಿಕೆಯ ಕಡೆಗೆ ವಾಲುತ್ತದೆ. ಬರವಣಿಗೆಯಲ್ಲಿ ‘ದೇವರಲ್ಲಿ ಭರವಸೆಯಿಟ್ಟು’ ಎಂದೂ ಬರುತ್ತದೆ. ಮಾತಿನಲ್ಲಿ ‘ಮೇಲೆ’ಯೇ ಹೆಚ್ಚು.

‘ಭರವಸೆ ಕೊಡು’ ಅಥವಾ ‘ನೀಡು’ ಎಂದಾಗ ಅದು ಮಾತು ಕೊಡುವುದು. ನನ್ನ ಗೆಳೆಯ ನನ್ನನ್ನು ಹಿಡಿದದ್ದು ಇಲ್ಲಿ. ಕೊಟ್ಟ ಭರವಸೆಗೆ ಲೆಕ್ಕ ಇರುತ್ತದೆ. ಅದನ್ನು ಈಡೇರಿಸಬೇಕು, ಇಲ್ಲವಾದರೆ ಅದು ಪೊಳ್ಳು ಭರವಸೆ. ಈ ಅರ್ಥ ಎಷ್ಟು ಗಟ್ಟಿ ಎಂದರೆ ನಮ್ಮ ವಿಧಾನಸಭೆಯಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಎಂದೇ ಒಂದು ಸಮಿತಿ ಇದೆ. ಸಚಿವರು ಸದನದಲ್ಲಿ ಕೊಟ್ಟ ಮಾತು ನಡೆಯಿತೋ ಇಲ್ಲವೋ ಎಂದು ನೋಡುವುದು ಅದರ ಕೆಲಸ. ಅಲ್ಲಿ ಯಾರ ಮನಸ್ಸಿನ ಬೆಚ್ಚನೆಯ ಅನಿಸಿಕೆಯನ್ನೂ ಯಾರೂ ಅಳೆಯುವುದಿಲ್ಲ.

ಒಂದು ಪಕ್ಕದ ಮಾತು. ಚುನಾವಣೆಯ ಭಾಷಣಗಳಲ್ಲಿ ಉರುಳಿ ಉರುಳಿ ಈ ‘ಕೊಟ್ಟ ಭರವಸೆ’ ಸವೆದು ಹೋಗಿದೆ ಎಂದು ನನಗೆ ಅನಿಸುತ್ತದೆ. 2023ರ ಕರ್ನಾಟಕ ವಿಧಾನಸಭಾ ಚುನಾವಣೆಯ ಹೊತ್ತಿಗೆ ಅದರ ಜಾಗಕ್ಕೆ ‘ಗ್ಯಾರಂಟಿ’ ಬಂತು. ಐದು ಭರವಸೆ ಎಂದಿದ್ದರೆ ಜನ ಆಕಳಿಸುತ್ತಿದ್ದರೇನೋ.

ಇನ್ನು ಕೆಲವು ಕ್ರಿಯಾಪದಗಳು ಭರವಸೆಯನ್ನು ಗಿಡದ ಹಾಗೆ, ನೀರಿನ ಹಾಗೆ, ದೀಪದ ಹಾಗೆ ನೋಡುತ್ತವೆ. ಭರವಸೆ ಮೂಡುತ್ತದೆ, ಚಿಗುರುತ್ತದೆ, ಕುಂದುತ್ತದೆ, ಬತ್ತುತ್ತದೆ. ಇವೆಲ್ಲ ಮೊದಲನೆಯ ಅರ್ಥಕ್ಕೆ, ಅಂದರೆ ಮನಸ್ಸಿನ ಭರವಸೆಗೆ ಮಾತ್ರ. ಕೊಟ್ಟ ಭರವಸೆ ಬತ್ತುವುದಿಲ್ಲ, ಹುಸಿಯಾಗುತ್ತದೆ. ‘ಮಂತ್ರಿಗಳು ಕೊಟ್ಟ ಭರವಸೆ ಬಾಡಿತು’ ಎಂದು ಬರೆದರೆ ಮಂತ್ರಿಗಳು ಹೂಗುಚ್ಛ ಕೊಟ್ಟಿದ್ದರೇನೋ ಎನಿಸುತ್ತದೆ.

‘ಅವನ ಭರವಸೆ’ ಎಂದಷ್ಟೇ ಬರೆದು ಬಿಡಬೇಡಿ. ಅವನಿಗೆ ಇರುವ ಭರವಸೆಯಾ, ಅವನು ಕೊಟ್ಟ ಭರವಸೆಯಾ, ಅವನ ಮೇಲೆ ಇಟ್ಟ ಭರವಸೆಯಾ? ಮೂರೂ ಆಗಬಹುದು. ‘ಅವನ ಭರವಸೆಯಿಂದ ಸಾಲ ಮಾಡಿದೆ’ ಎಂಬ ವಾಕ್ಯ ಮುಂದೆ ಜಗಳಕ್ಕೂ ದಾರಿ ಮಾಡಬಹುದು. ಒಂದು ಪದ ಸೇರಿಸಿದರೆ ಮುಗಿಯಿತು: ‘ಅವನು ಕೊಟ್ಟ ಭರವಸೆಯಿಂದ’.

ಹೆಜ್ಜೆ 2: ‘ಎಂದು’ವೋ ‘ಎಂಬ’ವೋ?

ಇದು ಚಿಕ್ಕ ವಿಷಯ. ಭರವಸೆ ಇದ್ದಾಗ ‘ಎಂಬ’, ಕೊಟ್ಟಾಗ ‘ಎಂದು’.

‘ಮಳೆ ಬರುತ್ತದೆ ಎಂಬ ಭರವಸೆ ಇದೆ.’ ಇಲ್ಲಿ ‘ಎಂಬ’ ಹೋಗಿ ಅಂಟುವುದು ಭರವಸೆ ಎಂಬ ನಾಮಪದಕ್ಕೆ. ಎಂಥ ಭರವಸೆ? ಮಳೆ ಬರುತ್ತದೆ ಎಂಬ ಭರವಸೆ. ‘ಹಣ ವಾಪಸ್ ಕೊಡುತ್ತೇನೆ ಎಂದು ಭರವಸೆ ಕೊಟ್ಟ.’ ಇಲ್ಲಿ ಅವನು ಆಡಿದ ಮಾತು ಇದೆ, ಆದ್ದರಿಂದ ‘ಎಂದು’. ಮಾತಿನಲ್ಲಿ ಇವೆರಡೂ ‘ಅಂತ’ ಆಗಿಬಿಡುತ್ತವೆ. ಅದಕ್ಕೇ ಬರೆಯಲು ಕೂತಾಗ ಗಲಿಬಿಲಿ.

ಅಕ್ಷರದ ವಿಚಾರವನ್ನೂ ಇಲ್ಲೇ ಮುಗಿಸೋಣ. ಅದು ‘ಬರವಸೆ’ ಅಲ್ಲ, ಹೊಟ್ಟೆ ಸೀಳಿದ ‘ಭ’. ಹಿಂದಿಯ ‘ಭರೋಸಾ’, ಮರಾಠಿಯ ‘ಭರವಸಾ’ ಇದರ ನೆಂಟರು. ಹಳೆಯ ಬರಹಗಳಲ್ಲಿ ‘ಭರವಸ’ ಎಂಬ ರೂಪವೂ ಸಿಗುತ್ತದೆ. ಕನ್ನಡ ಬೈಬಲ್ ಓದಿದವರಿಗೆ ‘ಭರವಸವಿಡು’ ಎಂಬುದು ಚೆನ್ನಾಗಿ ಪರಿಚಯ.

ಹೆಜ್ಜೆ 3: ಆಸೆಯಾ, ಭರವಸೆಯಾ? ಕೇಳಿಕೊಳ್ಳಿ

‘ಬೇಕು’ ಎನಿಸಿದರೆ ಆಸೆ. ‘ಆದೀತು’ ಎನಿಸಿದರೆ ಭರವಸೆ. ಇಷ್ಟೇ ವ್ಯತ್ಯಾಸ. ಆದರೂ ಜನ ಎಡವುತ್ತಾರೆ.

ಲಾಟರಿ ಹೊಡೆಯಬೇಕು ಎಂಬ ಆಸೆ ಯಾರಿಗೂ ಇರಬಹುದು. ಹೊಡೆಯುತ್ತದೆ ಎಂಬ ಭರವಸೆ ಇರುವವರು ಕಡಿಮೆ, ಅಂಥವರ ಬಗ್ಗೆ ಸ್ವಲ್ಪ ಚಿಂತೆಯೂ ಆಗುತ್ತದೆ. ಆಸೆಗೆ ಆಧಾರ ಬೇಕಿಲ್ಲ. ಭರವಸೆಗೆ ಒಂದು ಎಳೆಯಾದರೂ ಬೇಕು.

ಇಲ್ಲೂ ಕ್ರಿಯಾಪದದ ಆಟ ಇದೆ. ‘ಆಸೆ ಪಡು’ ಎಂದರೆ ಬಯಸು. ‘ಆಸೆ ತೋರಿಸು’ ಎಂದರೆ ಆಮಿಷ ಒಡ್ಡು. ಆದರೆ ‘ಆಸೆ ಇಟ್ಟುಕೊಂಡು ಬಂದಿದ್ದೆ’ ಎಂದರೆ? ಅದು ಭರವಸೆಯೇ! ‘ಡಾಕ್ಟರು ಆಸೆ ಬಿಟ್ಟಿದ್ದಾರೆ’ ಎಂಬಲ್ಲೂ ಅದೇ. ಡಾಕ್ಟರಿಗೆ ಏನೋ ಬೇಕಿತ್ತು, ಈಗ ಬೇಡವಾಯಿತು ಎಂದಲ್ಲ. ಉಳಿಯುವ ಭರವಸೆ ಅವರಿಗೆ ಇಲ್ಲ ಎಂದು. ಇಡು, ಬಿಡು ಎಂಬ ಎರಡು ಸಣ್ಣ ಕ್ರಿಯಾಪದಗಳು ಸೇರಿದರೆ ಆಸೆ ತನ್ನ ಹಂಬಲದ ಗುಣ ಬಿಟ್ಟು ಭರವಸೆಯಾಗುತ್ತದೆ. ಆಡುಮಾತಿನಲ್ಲಿ ಜನ ‘ಭರವಸೆ’ಗಿಂತ ಹೀಗೆ ‘ಆಸೆ’ಯನ್ನೇ ಹೆಚ್ಚು ಬಳಸುತ್ತಾರೆ. ಕತೆಯಲ್ಲಿ ಅಜ್ಜಿಯ ಬಾಯಲ್ಲಿ ಮಾತು ಬರೆಯುವಾಗ ‘ನನಗೆ ಭರವಸೆಯಿದೆ ಮಗಾ’ ಎನ್ನುವುದಕ್ಕಿಂತ ‘ಆಸೆ ಇಟ್ಕೊಂಡಿದೀನಿ ಕಣಪ್ಪ’ ಎಂದರೆ ಅಜ್ಜಿಯ ದನಿ ಕೇಳುತ್ತದೆ.

ಆಸೆಯ ಮೇಲೆ ಗಾದೆಗಳಿಗೆ ಯಾಕೋ ಸಿಟ್ಟು. ‘ಅತಿಯಾಸೆ ಗತಿಗೇಡು’, ‘ಆಸೆಯೇ ದುಃಖಕ್ಕೆ ಮೂಲ’. ಆಸೆಬುರುಕ ಎಂಬ ಬೈಗುಳವೂ ಇದೆ. ಭರವಸೆಬುರುಕ ಎಂಬ ಮಾತನ್ನು ಕೇಳಿದ್ದೀರಾ? ಇಲ್ಲ, ಅಲ್ವಾ. ಭರವಸೆಗೆ ನಮ್ಮಲ್ಲಿ ಮೊದಲಿನಿಂದಲೂ ಮರ್ಯಾದೆ. ಅವಸರದ ಭರವಸೆಯನ್ನು ಮಾತ್ರ ಒಂದು ಗಾದೆ ಚೆನ್ನಾಗಿ ಕುಟುಕುತ್ತದೆ: ‘ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ.’

ಆಸೆ ಎಂಬುದು ಸಂಸ್ಕೃತದ ‘ಆಶಾ’ದಿಂದ ಬಂದ ತದ್ಭವ. ಕೊನೆಯ ‘ಆ’ ಕನ್ನಡದ ಬಾಯಲ್ಲಿ ‘ಎ’ ಆಗುತ್ತದೆ, ‘ಶ’ ಮೆತ್ತಗಾಗಿ ‘ಸ’ ಆಗುತ್ತದೆ. ದಿಶಾ ‘ದೆಸೆ’ ಆದ ಹಾಗೆ. 13ನೇ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಇಂಥ ಮಾರ್ಪಾಡುಗಳಿಗೆಂದೇ ಅಪಭ್ರಂಶ ಪ್ರಕರಣ ಎಂಬ ಭಾಗ ಇಟ್ಟಿದ್ದಾನೆ. ದೆಸೆಯ ಮಾತು ಬಂದದ್ದಕ್ಕೆ ಇನ್ನೊಂದು: ಸಂಸ್ಕೃತದಲ್ಲಿ ‘ಆಶಾ’ ಎಂದರೆ ದಿಕ್ಕು ಎಂಬ ಅರ್ಥವೂ ಇದೆ. ಅಮರಕೋಶದಲ್ಲಿ ದಿಕ್ಕಿನ ಹೆಸರುಗಳ ಸಾಲಿನಲ್ಲಿ ‘ಆಶಾ’ ಕೂತಿದೆ. ಎರಡೂ ಒಂದೇ ಪದವೋ, ಎರಡು ಪದಗಳ ಉಲಿ ಒಂದಾಯಿತೋ, ಅದನ್ನು ಪಂಡಿತರಿಗೆ ಬಿಡೋಣ. ನನಗೆ ಮಾತ್ರ ದಿಕ್ಕು ತೋಚದವನಿಗೆ ಆಸೆಯೂ ಇರುವುದಿಲ್ಲ ಎಂಬುದು ನೆನಪಾಗುತ್ತದೆ.

ಹೆಜ್ಜೆ 4: ನಿರೀಕ್ಷೆಯನ್ನು ಬೇರೆ ಇಡಿ

ಅತಿ ಹೆಚ್ಚು ಎಡವಟ್ಟು ಆಗುವುದು ಇಲ್ಲಿ. ನಿರೀಕ್ಷೆ ಮತ್ತು ಭರವಸೆ ಒಂದೇ ಎಂದು ಬಹಳ ಜನ ತಿಳಿದಿದ್ದಾರೆ. ಒಂದು ಸುಲಭ ಪರೀಕ್ಷೆ ಇದೆ: ಆ ಜಾಗಕ್ಕೆ ಒಂದು ಕೆಟ್ಟ ಸುದ್ದಿ ಹಾಕಿ ನೋಡಿ.

‘ಈ ವರ್ಷ ನಷ್ಟವಾಗುತ್ತದೆ ಎಂದು ನಿರೀಕ್ಷಿಸಿದ್ದೆವು.’ ಸರಿಯಾಗಿದೆ. ‘ಈ ವರ್ಷ ನಷ್ಟವಾಗುತ್ತದೆ ಎಂಬ ಭರವಸೆ ಇತ್ತು.’ ಇದು ವ್ಯಂಗ್ಯ ಆಯಿತು. ಭರವಸೆ ಒಳ್ಳೆಯದರ ಕಡೆಗೆ ಮಾತ್ರ ಮುಖ ಮಾಡುತ್ತದೆ. ನಿರೀಕ್ಷೆ ಹಾಗಲ್ಲ, ಅದು ಲೆಕ್ಕ ಹಾಕುತ್ತದೆ. ಲೆಕ್ಕದಲ್ಲಿ ಲಾಭವೂ ಬರಬಹುದು, ನಷ್ಟವೂ ಬರಬಹುದು. ಅದಕ್ಕೇ ‘ಅನಿರೀಕ್ಷಿತ’ ಎಂಬ ಪದ ಬಹುಮಾನಕ್ಕೂ ಸಲ್ಲುತ್ತದೆ, ಅಪಘಾತಕ್ಕೂ ಸಲ್ಲುತ್ತದೆ.

ಹಾಗೆಂದು ನಿರೀಕ್ಷೆಯನ್ನು ಎಲ್ಲ ಕೆಟ್ಟದ್ದಕ್ಕೂ ಹಚ್ಚಬೇಡಿ. ‘ಸಾವಿನ ಸಂಖ್ಯೆ ಹೆಚ್ಚುವ ನಿರೀಕ್ಷೆಯಿದೆ’ ಎಂದು ಸುದ್ದಿಯಲ್ಲಿ ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಬಾಗಿಲಲ್ಲಿ ನಿಂತು ಕಾಯುತ್ತಿದ್ದೇವಾ? ಅಲ್ಲಿ ‘ಆತಂಕ’, ‘ಭೀತಿ’ ಅಥವಾ ಸುಮ್ನೆ ‘ಸಾಧ್ಯತೆ’ ಸಾಕು.

ಯಾಕೆ ಹೀಗೆ ಕಾಯುತ್ತಿರುವಂತೆ ಕೇಳಿಸುತ್ತದೆ? ಪದದ ಒಳಗೇ ಉತ್ತರ ಇದೆ. ನಿರೀಕ್ಷೆಯ ಮೂಲದಲ್ಲಿರುವುದು ‘ಈಕ್ಷ್’, ಅಂದರೆ ನೋಡು ಎಂಬ ಸಂಸ್ಕೃತ ಧಾತು. ಪರೀಕ್ಷೆ, ಸಮೀಕ್ಷೆ, ಅಪೇಕ್ಷೆ, ಉಪೇಕ್ಷೆ, ಪ್ರತೀಕ್ಷೆ, ಇವೆಲ್ಲ ಒಂದೇ ಮನೆಯ ಮಕ್ಕಳು. ಎಲ್ಲವೂ ಒಂದೊಂದು ಬಗೆಯ ನೋಟ. ಸುತ್ತಲಿಂದ ನೋಡಿದರೆ ಪರೀಕ್ಷೆ, ಕಂಡೂ ಕಾಣದಂತೆ ನೋಡಿದರೆ ಉಪೇಕ್ಷೆ. ನಿರೀಕ್ಷೆಯ ಮೊದಲ ಅರ್ಥವೂ ಬರೀ ನೋಡುವುದೇ. ಆ ಹಳೆಯ ಅರ್ಥ ಕಚೇರಿಯಲ್ಲಿ ಇನ್ನೂ ಬದುಕಿದೆ: ಕಂದಾಯ ನಿರೀಕ್ಷಕರು ಏನನ್ನೂ ಆಸೆಯಿಂದ ಕಾಯುವವರಲ್ಲ, ಬಂದು ನೋಡಿ ಹೋಗುವವರು.

ಕನ್ನಡದ ಸ್ವಂತ ಮಾತೂ ಇದೇ ದಾರಿ ಹಿಡಿದಿರುವುದು ನನಗೆ ಬಹಳ ಇಷ್ಟ. ‘ಎದುರು ನೋಡು’, ‘ದಾರಿ ನೋಡು’, ‘ಕಣ್ಣಲ್ಲಿ ಕಣ್ಣಿಟ್ಟು ಕಾಯು’. ಇಲ್ಲಿಯೂ ಕಾಯುವುದೆಂದರೆ ನೋಡುವುದೇ. ‘ನಿಮ್ಮ ಉತ್ತರವನ್ನು ನಿರೀಕ್ಷಿಸುತ್ತಾ’ ಎಂದು ಪತ್ರ ಮುಗಿಸುವ ಬದಲು ‘ನಿಮ್ಮ ಉತ್ತರ ಎದುರು ನೋಡುತ್ತಾ’ ಎಂದರೆ ಅರ್ಥ ಅಷ್ಟೇ ಉಳಿದು ಬಿಗಿ ಸ್ವಲ್ಪ ಸಡಿಲವಾಗುತ್ತದೆ.

ಒಂದು ಕಡೆ ಮಾತ್ರ ನಿರೀಕ್ಷೆ ನಿಜವಾಗಿಯೂ ಭರವಸೆಯ ಅರ್ಥದಲ್ಲೇ ನೆಲೆಯೂರಿದೆ: ಕ್ರೈಸ್ತರ ಕನ್ನಡದಲ್ಲಿ. ಬೈಬಲ್ಲಿನ ‘ನಂಬಿಕೆ, ನಿರೀಕ್ಷೆ, ಪ್ರೀತಿ’ ಎಂಬ ಮೂರರಲ್ಲಿ ನಡುವಿನದು ಲೆಕ್ಕಾಚಾರ ಅಲ್ಲ, ಗಟ್ಟಿ ಭರವಸೆ. ಚರ್ಚಿಗೆ ಸಂಬಂಧಿಸಿದ್ದನ್ನು ಬರೆಯುವಾಗ ಅಥವಾ ಓದುವಾಗ ಇದು ಗಮನದಲ್ಲಿರಲಿ. ಅಲ್ಲಿ ‘ನಿರೀಕ್ಷೆ’ಯನ್ನು ತಿದ್ದಲು ಹೋದರೆ ನಿಮ್ಮದೇ ತಪ್ಪಾಗುತ್ತದೆ.

ಕಾಯುವ ಮಾತು ಬಂದ ಮೇಲೆ ಹಕ್ಕಿಗಳನ್ನು ಬಿಡುವಂತಿಲ್ಲ. ‘ಜಾತಕ ಪಕ್ಷಿಯಂತೆ ಕಾಯುತ್ತಿದ್ದಾರೆ’ ಎಂದು ಎಷ್ಟೋ ಕಡೆ ನೋಡಿದ್ದೇನೆ. ಜಾತಕ ಹಿಡಿದ ಪಕ್ಷಿ ಎಂದರೆ ಗಿಳಿಶಾಸ್ತ್ರದ ಗಿಳಿಯೇ ಇರಬೇಕು! ಅದು ‘ಚಾತಕ’. ಮಳೆಗಾಲದ ಜೊತೆ ಕಾಣಿಸಿಕೊಳ್ಳುವ, ಜುಟ್ಟಿನ ಕಪ್ಪು ಬಿಳುಪು ಕೋಗಿಲೆ ಜಾತಿಯ ಹಕ್ಕಿ. ಮಳೆಹನಿಯನ್ನು ಬಿಟ್ಟು ಬೇರೆ ನೀರು ಮುಟ್ಟುವುದಿಲ್ಲ ಎಂಬುದು ಕವಿಗಳ ನಂಬಿಕೆ. ಹಾಗಾಗಿ ಚಾತಕದ ಕಾಯುವಿಕೆ ಶುದ್ಧವಾದದ್ದು, ಅದರಲ್ಲಿ ಭರವಸೆ ಇದೆ. ‘ಬಕಪಕ್ಷಿಯಂತೆ ಕಾಯು’ ಎಂದರೆ ಬೇರೆ. ಬಕ ಒಂಟಿ ಕಾಲಲ್ಲಿ ನಿಂತು ಮೀನಿಗೆ ಹೊಂಚು ಹಾಕುತ್ತದೆ. ಟಿಕೆಟ್ ಆಕಾಂಕ್ಷಿಗಳಿಗೆ ಬಕ ಹೊಂದುತ್ತದೆ, ಮಗನ ಫೋನಿಗೆ ಕಾದ ತಾಯಿಗೆ ಹೊಂದುವುದಿಲ್ಲ. ಆ ತಾಯಿಗೆ ಶಬರಿ ಸರಿ.

ಹೆಜ್ಜೆ 5: ವ್ಯಕ್ತಿಯ ಮಾತಾದರೆ ನಂಬಿಕೆ, ವಿಶ್ವಾಸ

ಭರವಸೆ ಮುಂದೆ ಆಗುವುದರ ಕಡೆ ನೋಡುತ್ತದೆ. ನಂಬಿಕೆಗೆ ಆ ಕಟ್ಟು ಇಲ್ಲ. ‘ಅವನು ನಿನ್ನೆ ಸುಳ್ಳು ಹೇಳಿಲ್ಲ ಎಂಬ ನಂಬಿಕೆ ನನಗಿದೆ’ ಎನ್ನಬಹುದು. ಅದೇ ಜಾಗದಲ್ಲಿ ಭರವಸೆ ಹಾಕಿದರೆ ಕಾಲು ಜಾರುತ್ತದೆ. ನಿನ್ನೆಯ ಬಗ್ಗೆ ಭರವಸೆ ಇಟ್ಟು ಏನು ಪ್ರಯೋಜನ?

ವಿಶ್ವಾಸದಲ್ಲಿ ನಂಬಿಕೆಯ ಜೊತೆ ಅಕ್ಕರೆಯೂ ಇದೆ. ‘ನಿಮ್ಮ ಪ್ರೀತಿ ವಿಶ್ವಾಸ ಹೀಗೇ ಇರಲಿ’ ಎನ್ನುತ್ತೇವಲ್ಲ, ಅದು. ಸದನದಲ್ಲಿ ಮಾತ್ರ ವಿಶ್ವಾಸಮತ ಎಂದರೆ ಬರೀ ತಲೆ ಎಣಿಕೆ, ಅಕ್ಕರೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ‘ಆಶ್ವಾಸನೆ’ಯೂ ಇದರ ಜೊತೆಯದೇ. ಎರಡರ ಒಳಗೂ ‘ಶ್ವಾಸ’ ಇದೆ. ಉಸಿರು ನಿರಾಳವಾಗಲಿ ಎಂದು ಹೇಳುವ ಮಾತು ಆಶ್ವಾಸನೆ. ಇವತ್ತು ಅದು ಭಾಷಣದ ಸರಕಾಗಿದೆ, ಕೇಳಿದವರ ಉಸಿರು ಅಷ್ಟೇನೂ ನಿರಾಳವಾಗುವುದಿಲ್ಲ.

ಮರೆತುಹೋಗುತ್ತಿರುವ ಒಂದು ಚೆಂದದ ಪದ ‘ನೆಚ್ಚು’. ನಂಬಿ ಆತುಕೊಳ್ಳುವುದು ಎಂದು ಅರ್ಥ. ‘ಮಳೆಯನ್ನೇ ನೆಚ್ಚಿಕೊಂಡ ಬೇಸಾಯ’ ಎಂಬಲ್ಲಿ ಬೇರೆ ಯಾವ ಪದ ಹಾಕಿದರೂ ಅಷ್ಟು ತೂಕ ಬರುವುದಿಲ್ಲ. ‘ನೆಚ್ಚಿನ ನಟ’ ಎಂದು ದಿನವೂ ಹೇಳುತ್ತೇವೆ, ಆದರೆ ಒಳಗೆ ನೆಚ್ಚು ಇರುವುದು ನೆನಪಿರುವುದಿಲ್ಲ. ಬಳಸಿ, ಚೆನ್ನಾಗಿದೆ.

ಹೆಜ್ಜೆ 6: ಆಶಯ, ಆಶಾವಾದಗಳಲ್ಲಿ ಜಾಗ್ರತೆ

‘ಆಶಯ’ವನ್ನು ಆಶೆಯ ಅಣ್ಣ ಎಂದು ತಿಳಿಯಬೇಡಿ. ನೋಡಲು ಹಾಗಿದೆ, ಅಷ್ಟೇ. ಜಲಾಶಯ, ಗರ್ಭಾಶಯ, ಮೂತ್ರಾಶಯಗಳಲ್ಲಿ ಇರುವುದು ಇದೇ ಆಶಯ. ಒಂದು ವಸ್ತು ನೆಲೆಸುವ ಜಾಗ. ಮನಸ್ಸಿನಲ್ಲಿ ನೆಲೆಸಿದ ಉದ್ದೇಶವೂ ಆಶಯ. ‘ಸಂವಿಧಾನದ ಆಶಯ’ ಎಂದರೆ ಸಂವಿಧಾನ ಕಾಣುವ ಆಸೆ ಅಲ್ಲ, ಅದರ ಉದ್ದೇಶ. ‘ಎಲ್ಲರೂ ಬರಬೇಕು ಎಂಬುದು ನಮ್ಮ ಆಶಯ’ ಎಂಬ ವಾಕ್ಯ ತಪ್ಪಲ್ಲ. ಆದರೆ ಅದು ಉದ್ದೇಶ ಹೇಳುತ್ತದೆ, ಬರುತ್ತಾರೆ ಎಂಬ ಭರವಸೆಯನ್ನು ಹೇಳುವುದಿಲ್ಲ.

‘ಆಶಾವಾದ’ ಸ್ವಭಾವದ ಹೆಸರು. ಒಂದೊಂದು ಘಟನೆಗೆ ಅದನ್ನು ಎಳೆದು ತರಬೇಡಿ. ‘ನಾನು ಆಶಾವಾದಿ’ ಸರಿ. ‘ನಾಳೆ ಬಸ್ಸಿನಲ್ಲಿ ಸೀಟು ಸಿಗುವ ಆಶಾವಾದ ನನಗಿದೆ’ ಎಂದರೆ ಸೀಟಿಗೆ ಇಷ್ಟೊಂದು ತತ್ವಜ್ಞಾನ ಬೇಕಾ ಎನಿಸುತ್ತದೆ. ಅಲ್ಲಿ ಭರವಸೆ ಸಾಕು, ‘ಸಿಗಬಹುದು’ ಎಂದರೂ ಸಾಕು.

ಸಮಾಸ ಮಾಡುವಾಗ ಸಂಸ್ಕೃತದ ರೂಪವೇ ಬರುತ್ತದೆ: ಆಶಾಕಿರಣ, ಆಶಾದಾಯಕ, ಆಶಾಭಂಗ. ‘ಆಸೆಕಿರಣ’ ಇಲ್ಲ. ಭರವಸೆಗೆ ಅಂಟು ಬೇಡ, ‘ಯ’ ಸೇರಿಸಿ ಬಿಟ್ಟರೆ ಆಯಿತು: ಭರವಸೆಯ ಬೆಳಕು, ಭರವಸೆಯ ಆಟಗಾರ. ಕೊನೆಯದರಲ್ಲಿ ಸ್ವಲ್ಪ ಹುಷಾರು. 19 ವರ್ಷದವನಿಗೆ ‘ಭರವಸೆಯ ಆಟಗಾರ’ ಹೊಗಳಿಕೆ. 34 ವರ್ಷದವನಿಗೆ ಹಾಗೆಂದರೆ ಇನ್ನೂ ಏನೂ ಕಿಸಿದಿಲ್ಲ ಎಂದ ಹಾಗೆ.

ಇನ್ನು ‘ಆಶಾ ಕಾರ್ಯಕರ್ತೆ’ಯ ಆಶಾ ಈ ಯಾವ ಸಾಲಿಗೂ ಸೇರದು. ಅದು ಆರೋಗ್ಯ ಇಲಾಖೆಯ ಆ ಹುದ್ದೆಗೆ ಇಟ್ಟ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳ ಜೋಡಣೆ. ಹಾಗಾಗಿ ‘ಆಸೆ ಕಾರ್ಯಕರ್ತೆ’ ಎಂದು ತದ್ಭವ ಮಾಡುವ ಉತ್ಸಾಹ ಬೇಡ.

ಹೆಜ್ಜೆ 7: ಪದ ಬಳಸದೆ ಹೇಳಿ ನೋಡಿ

ಇಷ್ಟೆಲ್ಲ ಹೇಳಿದ ಮೇಲೆ ಇದು ವಿಚಿತ್ರ ಸಲಹೆ ಎನಿಸಬಹುದು. ಆದರೆ ಮಾತಿನ ಕನ್ನಡದಲ್ಲಿ ಭರವಸೆ ಹೆಚ್ಚಾಗಿ ನಾಮಪದದಲ್ಲಿ ಇರುವುದೇ ಇಲ್ಲ. ಕ್ರಿಯಾಪದದ ಬಾಲದಲ್ಲಿ ಇರುತ್ತದೆ.

‘ಮಳೆ ಬಂದೀತು.’ ‘ಅವನು ಬಂದಾನು.’ ವ್ಯಾಕರಣದಲ್ಲಿ ಇದಕ್ಕೆ ಸಂಭಾವನಾರ್ಥಕ ಎನ್ನುತ್ತಾರೆ. ಬರುತ್ತದೆ ಎಂಬ ಖಾತ್ರಿಯೂ ಅಲ್ಲ, ಬರುವುದಿಲ್ಲ ಎಂಬ ಕೈಚೆಲ್ಲುವಿಕೆಯೂ ಅಲ್ಲ. ನಡುವಿನ ಒಂದು ಜಾಗ. ಆ ಜಾಗದಲ್ಲೇ ತಾನೆ ಭರವಸೆ ಇರುವುದು? ಆದರೆ ಇದೇ ರೂಪ ಹೆದರಿಕೆಗೂ ಬರುತ್ತದೆ: ‘ಬಿದ್ದೀಯೆ, ಜೋಕೆ!’ ಹಾಗಾಗಿ ಸಂದರ್ಭ ನೋಡಿ ಬಳಸಬೇಕು. ಪಟ್ಟಣದ ಮಾತಿನಲ್ಲಿ ಈ ರೂಪ ಕಡಿಮೆಯಾಗಿ ‘ಬರಬಹುದು’ ಹೆಚ್ಚಾಗಿದೆ. ನನಗೆ ಬೇಸರವೇ. ‘ಬರಬಹುದು’ ಭುಜ ಕುಣಿಸುತ್ತದೆ. ‘ಬಂದೀತು’ ಆಕಾಶ ನೋಡುತ್ತದೆ.

ಹಾರೈಕೆಗೆ ‘ಅಲಿ’ ಪ್ರತ್ಯಯ ಇದೆ: ಒಳ್ಳೆಯದಾಗಲಿ, ಬೇಗ ಗುಣವಾಗಲಿ, ನೂರು ಕಾಲ ಬಾಳಲಿ. ‘ನೀವು ಬೇಗ ಗುಣಮುಖರಾಗುತ್ತೀರಿ ಎಂದು ಆಶಿಸುತ್ತೇನೆ’ ಎಂಬ ಉದ್ದನೆಯ ವಾಕ್ಯಕ್ಕಿಂತ ‘ಬೇಗ ಗುಣವಾಗಲಿ’ ಎರಡೇ ಪದದಲ್ಲಿ ಜಾಸ್ತಿ ಹೇಳುತ್ತದೆ.

ಇನ್ನೊಂದು ಸಣ್ಣ ಅದ್ಭುತ ‘ತಾನೆ’. ‘ಚೆನ್ನಾಗಿದ್ದೀರಿ ತಾನೆ?’ ಇದು ಪ್ರಶ್ನೆ, ಆದರೆ ಹೌದು ಎಂಬ ಉತ್ತರವನ್ನೇ ಬಯಸುವ ಪ್ರಶ್ನೆ. ‘ನೀವು ಚೆನ್ನಾಗಿದ್ದೀರೆಂದು ಭರವಸೆ ಇಡುತ್ತೇನೆ’ ಎಂದು ಪತ್ರ ಶುರು ಮಾಡುವವರು ಇದನ್ನು ಪ್ರಯತ್ನಿಸಬೇಕು. ಅಥವಾ ನಮ್ಮ ಹಿರಿಯರ ಪತ್ರದ ದಾರಿ ಹಿಡಿಯಬಹುದು: ‘ಇತ್ತ ನಾವೆಲ್ಲರೂ ಕ್ಷೇಮ. ನಿಮ್ಮ ಕ್ಷೇಮ ಸಮಾಚಾರಕ್ಕೆ ಪತ್ರ ಬರೆಯಿರಿ.’

ಮುಖಾಮುಖಿ ಮಾತಿನಲ್ಲಿ ಇದು ಇನ್ನೂ ಮುಖ್ಯ. ಆಸ್ಪತ್ರೆಯಲ್ಲಿ ಕಂಗೆಟ್ಟು ಕೂತವರ ಹತ್ತಿರ ಹೋಗಿ ‘ಭರವಸೆ ಇಡಿ’ ಎಂದರೆ ಗೋಡೆಯ ಮೇಲಿನ ಬರಹ ಓದಿದಂತೆ ಇರುತ್ತದೆ. ನಮ್ಮಲ್ಲಿ ಅಂಥ ಹೊತ್ತಿಗೆ ಇರುವ ಪದ ‘ಧೈರ್ಯ’. ‘ಧೈರ್ಯವಾಗಿರಿ, ನಾವಿದ್ದೀವಿ.’ ನಾವು ಧೈರ್ಯ ಹೇಳುತ್ತೇವೆ, ಧೈರ್ಯ ತುಂಬುತ್ತೇವೆ. ಅದರ ಒಳಗೆ ಹೋಗುವುದು ಭರವಸೆಯೇ. ಆದರೆ ‘ಏನೂ ಆಗಲ್ಲ, ನಾನು ಭರವಸೆ ಕೊಡ್ತೀನಿ’ ಎಂದು ಮಾತ್ರ ಹೇಳಬೇಡಿ. ಅದು ಡಾಕ್ಟರೂ ಕೊಡದ ಮಾತು.

ಹೆಜ್ಜೆ 8: ಮುರಿದಾಗ ಯಾವ ಪದ?

ಬಸ್ಸು ತಪ್ಪಿದರೆ ನಿರಾಸೆ. ಹತ್ತು ವರ್ಷ ಕಾದು ಏನೂ ಆಗದಿದ್ದರೆ ಹತಾಶೆ. ‘ಹತ’ ಎಂದರೆ ಕೊಲ್ಲಲ್ಪಟ್ಟದ್ದು, ಹತಾಶ ಎಂದರೆ ಆಸೆಯೇ ಸತ್ತವನು. ಹಾಗಾಗಿ ಸಣ್ಣಪುಟ್ಟದ್ದಕ್ಕೆಲ್ಲ ಹತಾಶೆ ಎಂದು ಬರೆಯಬೇಡಿ, ನಿಜವಾಗಿ ಬೇಕಾದಾಗ ಪದ ಉಳಿದಿರುವುದಿಲ್ಲ. ಅಕ್ಷರದಲ್ಲಿ ‘ಹತಾಷೆ’ ತಪ್ಪು. ನಿರಾಶೆ, ನಿರಾಸೆ ಎರಡೂ ನಡೆಯುತ್ತವೆ.

ಕೈಗೆ ಬಂದ ಹಾಗೆ ಕಂಡು ಬಾರದ್ದು ಕನ್ನಡಿಯೊಳಗಿನ ಗಂಟು. ಇಲ್ಲವೇ ಇಲ್ಲದ್ದು ಗಗನಕುಸುಮ. ಬೇರೆಯವರು ಕೆಡಿಸಿದರೆ ಆಸೆಗೆ ತಣ್ಣೀರು ಎರಚಿದರು, ನಾವೇ ಬಿಟ್ಟರೆ ಎಳ್ಳುನೀರು ಬಿಟ್ಟೆವು. ಎರಡೂ ನೀರೇ, ಅದಲು ಬದಲು ಮಾಡಬೇಡಿ.

ಒಂದಿಷ್ಟು ಅಭ್ಯಾಸ

ಕೆಳಗಿನ ಜಾಗ ತುಂಬಿ ನೋಡಿ. ಉತ್ತರ ಕೆಳಗೇ ಇದೆ, ಮೊದಲು ನೋಡಬೇಡಿ.

1. ಈ ಬಾರಿ ಬೆಲೆ ಇನ್ನೂ ಏರುವ ______ ಇದೆ, ಈಗಲೇ ಕೊಂಡುಬಿಡಿ.

2. ರಸ್ತೆ ಮಾಡಿಸುತ್ತೇನೆ ಎಂದು ______ ಕೊಟ್ಟು ಹೋದವರು ತಿರುಗಿ ನೋಡಲಿಲ್ಲ.

3. ಅವಳು ಕದ್ದಿಲ್ಲ ಎಂಬ ______ ನನಗಿದೆ.

4. ಚಿಕ್ಕಂದಿನಿಂದ ವಿಮಾನ ಓಡಿಸುವ ______ ಅವನಿಗೆ.

5. ಮಗಳ ಮೇಲೆ ತುಂಬಾ ______ ಇಟ್ಟುಕೊಂಡಿದ್ದೇನೆ.

ಮೊದಲನೆಯದು ‘ನಿರೀಕ್ಷೆ’, ಯಾಕೆಂದರೆ ಕೊಳ್ಳುವವನಿಗೆ ಅದು ಒಳ್ಳೆಯ ಸುದ್ದಿ ಅಲ್ಲ, ಆದರೂ ಲೆಕ್ಕ ಇದೆ. ಮಾರುವವನು ಬರೆಯುತ್ತಿದ್ದರೆ ‘ಭರವಸೆ’ ಎಂದಾನು! ಎರಡನೆಯದು ‘ಭರವಸೆ’ ಅಥವಾ ‘ಆಶ್ವಾಸನೆ’. ಮೂರನೆಯದು ‘ನಂಬಿಕೆ’, ಆಗಿಹೋದದ್ದರ ಮಾತು. ನಾಲ್ಕನೆಯದು ‘ಆಸೆ’.

ಐದನೆಯದಕ್ಕೆ ಆಸೆ, ಭರವಸೆ, ನಂಬಿಕೆ, ನಿರೀಕ್ಷೆ ನಾಲ್ಕೂ ಕೂರುತ್ತವೆ, ವ್ಯಾಕರಣ ಯಾವುದಕ್ಕೂ ಬೇಡ ಎನ್ನುವುದಿಲ್ಲ. ಯಾವುದು ಹಾಕಿದಿರಿ ಎಂಬುದನ್ನು ಮಗಳಿಗೆ ತೋರಿಸುವ ಮುಂಚೆ ಇನ್ನೊಮ್ಮೆ ಓದಿಕೊಳ್ಳಿ.